ನಾಲ್ಕನೇ ನಂಬರಿನ ಬಿಲ್ಲೆ

ಫೆಬ್ರವರಿ 4

ಅಪ್ಪಾ,

ಫೋನಿನಲ್ಲಿ ಕೇಳಿದರೆ ನೀನು ಮಾತು ತೇಲಿಸಿಬಿಡುತ್ತೀಯ. ಅದಕ್ಕೇ ಈ ಕಾಗದ.

ನಮ್ಮ ಕಚೇರಿಯ ಹಳೇ ಉಗ್ರಾಣ ಖಾಲಿ ಮಾಡಿಸುತ್ತಿದ್ದಾರೆ. ಮುಗಿದ ಕೇಸುಗಳ ಕಬ್ಬಿಣವೆಲ್ಲ ಗುಜರಿಗೆ ಹೋಗುತ್ತಿದೆ. ಹೊಸದಾಗಿ ಸೇರಿದ ಲಿಫ್ಟ್ ಪರಿವೀಕ್ಷಕರಿಗೆ ವಾರಕ್ಕೆರಡು ದಿನ ನಾನೇ ಪಾಠ ಮಾಡುವುದು ನಿನಗೆ ಗೊತ್ತಲ್ಲ. ಉಕ್ಕಿನ ಹಗ್ಗದ ತುದಿಯನ್ನು ಸಾಕೆಟ್ಟಿನ ಕಬ್ಬಿಣದ ಗೂಡಿನೊಳಗೆ ಲೋಹ ಸುರಿದು ಹೇಗೆ ಭದ್ರ ಮಾಡಬೇಕು, ಹೇಗೆ ಮಾಡಬಾರದು ಎಂದು ತೋರಿಸುವುದಕ್ಕೆ ಹಾಳಾದ ಸಾಕೆಟ್ ಒಂದು ಬೇಕಿತ್ತು. ಹುಡುಕುವಾಗ ಮೂಲೆಯಲ್ಲಿ ಒಂದು ಗೋಣಿಚೀಲ ಸಿಕ್ಕಿತು. ಚೀಟಿಯ ಮೇಲೆ ‘ಪ್ರೆಸ್ಸಿನ ಸರಕು ಲಿಫ್ಟ್’ ಎಂದಿತ್ತು.

ಯಾವ ಪ್ರೆಸ್ಸೆಂದು ನಿನಗೆ ಹೇಳಬೇಕಿಲ್ಲ. ಒಂಬತ್ತು ವರ್ಷದ ಹಿಂದೆ ಲಿಫ್ಟ್ ಮೂರನೇ ಮಹಡಿಯಿಂದ ಕಳಚಿ ಬಿತ್ತು. ಕಾಗದದ ಕಟ್ಟು ಒಳಗೆ ತಳ್ಳುತ್ತಿದ್ದ ಬೈಂಡಿಂಗ್ ಹೆಂಗಸು ಸತ್ತಳು. ಆ ಲಿಫ್ಟಿಗೆ ಹಗ್ಗ ಹಾಕಿದ್ದು ನೀನು ಮತ್ತು ನಿನ್ನ ಜೊತೆ ಕೆಲಸದ ಕುಳ್ಳ ಚಿಕ್ಕಪ್ಪ. ಯಾರು ಕಟ್ಟಿದ ತುದಿಗೆ ಅವರ ನಂಬರಿನ ಹಿತ್ತಾಳೆ ಬಿಲ್ಲೆ ಕಟ್ಟುವುದು ನಿಮ್ಮ ಪದ್ಧತಿ; ಜಾರಿದ ತುದಿಗಳಲ್ಲಿ ಅವರ ನಾಲ್ಕನೇ ನಂಬರಿನ ಬಿಲ್ಲೆ ನೇತಾಡುತ್ತಿತ್ತು. ಅವರ ಲೈಸೆನ್ಸ್ ಹೋಯಿತು. ಬಿಲ್ಲೆಯೇ ಸಾಕ್ಷಿ ಹೇಳಿದ್ದರಿಂದ ಸಾಕೆಟ್ಟನ್ನು ಯಾರೂ ಕತ್ತರಿಸಿ ನೋಡಿರಲಿಲ್ಲ.

ನಾನು ಮೊನ್ನೆ ಕತ್ತರಿಸಿದೆ. ನಡುವೆ ಒಂದು ಬೂದು ಗೆರೆ ಇದೆ. ಬಿಳಿಲೋಹವನ್ನು ಒಂದೇ ಸಲ ಸುರಿದಿಲ್ಲ. ಕೆಳಗಿನ ಅರ್ಧ ಆರಿದ ಮೇಲೆ ಮೇಲಿನ ಅರ್ಧ ಸುರಿದಿದ್ದಾರೆ. ಎರಡೂ ಒಂದಕ್ಕೊಂದು ಅಂಟಿಯೇ ಇಲ್ಲ. ಇಂಥದ್ದನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ. ನನ್ನ ಕೈ ನಿಂತದ್ದು ಬೇರೆ ಕಾರಣಕ್ಕೆ. ಹಗ್ಗ ಕಿತ್ತುಹೋಗಿದ್ದರೂ, ಮಡಚಿದ್ದ ಎಳೆಗಳ ಅಚ್ಚು ಲೋಹದಲ್ಲಿ ಹಾಗೇ ಉಳಿದಿದೆ. ಎಳೆಗಳೆಲ್ಲ ಎಡಕ್ಕೆ ಹೊರಳಿವೆ.

ಬಲಗೈಯವರು ಮಡಚಿದರೆ ಬಲಕ್ಕೆ ಹೊರಳುತ್ತವೆ ಎಂದು ನನಗೆ ಹೇಳಿಕೊಟ್ಟವನು ನೀನೇ. ಕೆಲಸದವರೆಲ್ಲ ನಿನ್ನನ್ನು ಎಡಚ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಆ ಬಿಲ್ಲೆಯನ್ನು ಅಲ್ಲಿಗೆ ಕಟ್ಟಿದ್ದು ಯಾರು? ಇದೊಂದಕ್ಕೆ ಉತ್ತರ ಬರೆ.

ನಿನ್ನ ಮಗಳು


ಫೆಬ್ರವರಿ 21

ಮಗಳೇ,

ಕಾಗದ ತಲುಪಿ ಬಹಳ ದಿನವಾಯಿತು. ಮಂಡಿನೋವು ಕೂರಲೂ ಬಿಡುವುದಿಲ್ಲ, ನಿಲ್ಲಲೂ ಬಿಡುವುದಿಲ್ಲ. ಅಣ್ಣ, ಅತ್ತಿಗೆ ಚೆನ್ನಾಗಿದ್ದಾರೆ. ಅವರ ಮಗಳು ಸೈಕಲ್ ಕಲಿತಳು, ಎರಡು ಸಲ ಬಿದ್ದಳು, ಅಳಲಿಲ್ಲ. ನಿನ್ನ ಹಾಗೆಯೇ.

ಗರಗಸ ಹಿಡಿದು ಕತ್ತರಿಸಿ ನೋಡುವುದು ಸುಲಭ. ಕಟ್ಟುವವನ ಕಷ್ಟ ಬೇರೆ. ಹಗ್ಗದ ಎಳೆಗಳನ್ನು ಬಿಚ್ಚಬೇಕು, ನಡುವಿನ ನಾರು ಕತ್ತರಿಸಬೇಕು, ಗ್ರೀಸಿನ ಪಸೆ ಇಲ್ಲದಂತೆ ತೊಳೆಯಬೇಕು. ಒಂದೊಂದೇ ಎಳೆಯ ತುದಿಯನ್ನು ಒಳಕ್ಕೆ ಮಡಚಿ ಸಾಕೆಟ್ಟಿನೊಳಗೆ ಎಳೆದು ಕೂರಿಸಬೇಕು. ಸಾಕೆಟ್ಟನ್ನು ಬೆಚ್ಚಗೆ ಮಾಡಿ, ಕರಗಿದ ಲೋಹವನ್ನು ಸೌಟು ಎತ್ತದೆ ಒಂದೇ ಸಲಕ್ಕೆ ತುಂಬಬೇಕು. ನಾನು ಇದನ್ನು ಸಾವಿರ ಸಲ ಮಾಡಿದ್ದೇನೆ. ಒಂದೂ ಜಾರಿಲ್ಲ. ಫೋರ್‌ಮನ್ ಆಗಿ ನಿವೃತ್ತನಾದವನು ನಾನು, ಬೀದಿಯಲ್ಲಿ ಹೋಗುವ ದಾಸಯ್ಯನಲ್ಲ.

ಎಡಕ್ಕೆ ಹೊರಳಿದೆಯಂತೆ! ಕುಳ್ಳ ಕೆಲಸ ಕಲಿತದ್ದು ಯಾರ ಹತ್ತಿರ? ನನ್ನ ಕೈ ನೋಡಿ ನೋಡಿ ಅವನಿಗೂ ಎಡಕ್ಕೆ ಮಡಚುವ ಅಭ್ಯಾಸವಾಗಿತ್ತು. ಅದರಲ್ಲೇನು ವಿಶೇಷ?

ಆ ಹೆಂಗಸು ಸತ್ತು ಒಂಬತ್ತು ವರ್ಷವಾಯಿತು. ಆರಿದ ಬೂದಿ ಕೆದಕಿದರೆ ಮೈಗೆಲ್ಲ ಬೂದಿಯೇ. ಗುಜರಿಗೆ ಹೋಗುವುದು ಗುಜರಿಗೆ ಹೋಗಲಿ ಬಿಡು.

ಊಟ ಸರಿಯಾದ ಹೊತ್ತಿಗೆ ಮಾಡು.

ಅಪ್ಪ


ಮಾರ್ಚ್ 9

ಅಪ್ಪಾ,

ನಿನ್ನ ಮಾತು ನಿಜವಿರಲಿ ಎಂದೇ ಇನ್ನೊಂದು ತುದಿಯನ್ನೂ ಕತ್ತರಿಸಿದೆ. ಲಿಫ್ಟನ್ನು ಸರಿದೂಗಿಸುವ ಎದುರು ತೂಕದ ಕಡೆಯದು. ನಿನ್ನ ಏಳನೇ ನಂಬರಿನ ಬಿಲ್ಲೆ ಇದ್ದದ್ದು. ಒಂದೇ ಸಲ ಸುರಿದ ಲೋಹ, ಕೂದಲೆಳೆಯಷ್ಟೂ ಗೆರೆಯಿಲ್ಲ. ಎಳೆಗಳೆಲ್ಲ ಬಲಕ್ಕೆ ಹೊರಳಿವೆ. ನಿನ್ನ ಕೈ ನೋಡಿ ಎಡಕ್ಕೆ ಕಲಿತ ಕುಳ್ಳ ಚಿಕ್ಕಪ್ಪ ಅಲ್ಲಿ. ಹುಟ್ಟಾ ಎಡಚನಾದ ನೀನು ಬಲಕ್ಕೆ ಮಡಚಿದ್ದು ಇಲ್ಲಿ. ಎಂಥ ಪವಾಡ!

ಭಾನುವಾರ ಅವರನ್ನು ನೋಡಲು ಹೋಗಿದ್ದೆ. ಮರದ ಸಾಮಾನಿನ ಗೋದಾಮೊಂದರ ಗೇಟು ಕಾಯುತ್ತಾರೆ. ಒಂದು ಕಾಲು ಗಿಡ್ಡವಾದ ಸ್ಟೂಲು, ಲಾರಿ ಬಂದರೆ ಎದ್ದು ಸರಪಳಿ ಇಳಿಸುವುದು, ಹೋದ ಮೇಲೆ ಮತ್ತೆ ಹಾಕುವುದು. ನನ್ನನ್ನು ನೋಡಿದ್ದೇ ಎದ್ದು ನಿಂತರು.

“ಇನ್‌ಸ್ಪೆಕ್ಟರಮ್ಮ! ಇಲ್ಲಿ ಲಿಫ್ಟ್ ಇಲ್ವಲ್ಲ ತಾಯಿ, ಒಂದೇ ಮಹಡಿ” ಎಂದು ನಕ್ಕರು.

ಸಾಕೆಟ್ಟಿನ ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ವಿಚಾರಣೆ ದಿನವೇ ಹೇಳಿದ್ನಲ್ಲ, ಆ ತುದಿ ನಂದಲ್ಲ ಅಂತ. ಬಿಲ್ಲೆ ತೋರಿಸಿದ್ರು. ನಿಮ್ಮಪ್ಪನ್ನ ಕೇಳಿದ್ರು. ಅವನು ನೆಲ ನೋಡ್ಕೊಂಡು, ‘ಯಾರ ಬಿಲ್ಲೆ ಇದೆಯೋ ಅವರ ಕೆಲಸ ಸ್ವಾಮಿ’ ಅಂದ. ಮುಗೀತು.”

“ನಮ್ಮನೆಗೆ ಬಂದಿದ್ರಿ” ಎಂದೆ.

“ಬಂದಿದ್ದೆ. ನೀನೇ ಬಾಗಿಲು ತೆಗೆದಿದ್ದು.”

ನನಗೆ ನೆನಪಿದೆ. ನಿನಗೂ ಇರಬೇಕು. ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗಿರಲಿಲ್ಲ, ಕುತ್ತಿಗೆಯಲ್ಲಿ ಹೊಸ ಗುರುತಿನ ಚೀಟಿ. ನನ್ನನ್ನು ಎತ್ತಿ ಆಡಿಸಿದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, “ತಪ್ಪು ಮಾಡಿದೋರು ಒಪ್ಕೋಬೇಕು ಚಿಕ್ಕಪ್ಪ, ಇನ್ನೊಬ್ಬರ ತಲೆಗೆ ಕಟ್ಟಬಾರದು” ಎಂದೆ. ಅವರು ಚಪ್ಪಲಿ ಹಾಕಿಕೊಳ್ಳುವುದಕ್ಕೆ ತಡಕಾಡಿದರು. ನೀನು ಒಳಕೋಣೆಯಲ್ಲಿ ಕೆಮ್ಮಿದೆ. ಆಚೆ ಬರಲಿಲ್ಲ.

ಅವರ ಹೆಂಡತಿ ತಮ್ಮನ ಮನೆ ಸೇರಿ ಆರು ವರ್ಷವಾಯಿತಂತೆ. “ಕೊಲೆಗಾರನ ಹೆಂಡತಿ ಅಂತ ನೀರಿಗೆ ನಿಂತ ಕಡೆಯೆಲ್ಲ ಅನ್ನಿಸ್ಕೊಳ್ಳೋದು ಅವಳಿಗೂ ಸಾಕಾಯ್ತು” ಎಂದರು, ಯಾರದೋ ಮನೆಯ ಮಾತು ಹೇಳಿದ ಹಾಗೆ. ಹೊರಡುವಾಗ, “ಎಡಚ ಹೇಗಿದಾನೆ?” ಎಂದು ಕೇಳಿದರು.

ಏನು ಹೇಳಲಿ? ಮಂಡಿನೋವು ಎಂದೆ.

ನಿನ್ನ ಮಗಳು


ಏಪ್ರಿಲ್ 2

ಮಗಳೇ,

ಇದನ್ನು ಓದಿ ಹರಿದುಹಾಕು. ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ಅವಳು ಹೋದಳು, ನನ್ನ ಮೇಲೆ ಒಂದು ಕೆಟ್ಟ ಮಾತು ಕೇಳದೆ ಹೋದಳು.

ಆ ದಿನ ಲಿಫ್ಟಿನ ಕಡೆಯ ತುದಿಗಳು ನನ್ನವು. ಕುಳ್ಳ ಕೆಳಗೆ ತೂಕದ ಕಡೆ ಇದ್ದ. ಎರಡು ಹಗ್ಗಕ್ಕೂ ಆಗುತ್ತದೆ ಎಂದು ಅಂದಾಜಿಸಿ ಲೋಹ ಕರಗಿಸಿದ್ದೆ. ಸುರಿಯುವಾಗ ಸಾಲದು ಎಂದು ತಿಳಿಯಿತು. ಒಂದಕ್ಕೆ ಪೂರ್ತಿ ಹಾಕಿ ಇನ್ನೊಂದಕ್ಕೆ ಬೇರೆ ಕರಗಿಸಿದ್ದರೂ ಆಗುತ್ತಿತ್ತು. ಕೈ ಆಗಲೇ ಎರಡಕ್ಕೂ ಅರ್ಧರ್ಧ ಹಂಚಿಬಿಟ್ಟಿತ್ತು. ಕಿತ್ತು, ತೊಳೆದು, ಮೊದಲಿನಿಂದ ಮಾಡಬೇಕು. ಅರ್ಧ ದಿನದ ಕೆಲಸ. ಸಂಜೆಯೊಳಗೆ ಲಿಫ್ಟ್ ಓಡಬೇಕು ಎಂದು ಮಾಲೀಕ ಮೆಟ್ಟಿಲ ಮೇಲೆ ನಿಂತಿದ್ದ. ಮತ್ತಷ್ಟು ಕರಗಿಸಿ ಮೇಲೆ ಸುರಿದೆ. ನೋಡಿದರೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. “ಏನೋ, ಆಯ್ತೇನೋ?” ಎಂದು ಕುಳ್ಳ ಕೆಳಗಿನಿಂದ ಕೂಗಿದ. “ಆಯ್ತು” ಎಂದೆ.

ಏಳು ತಿಂಗಳು ಹಿಡಿದಿತ್ತು. ಬಿದ್ದಾಗ ಹಿಡಿಯಬೇಕಾದ ಕೊಕ್ಕೆಗಳಿಗೆ ತುಕ್ಕು ತಿಂದಿತ್ತು, ಅದು ಮಾಲೀಕನ ತಪ್ಪು, ನನ್ನದಲ್ಲ.

ಬಿದ್ದ ದಿನ ನಾನು ಎರಡು ಬೀದಿ ಆಚೆ ಕೆಲಸದಲ್ಲಿದ್ದೆ. ಕುಳ್ಳ ರಜೆ. ಸುದ್ದಿ ಕೇಳಿ ಪ್ರೆಸ್ಸಿಗೆ ಓಡಿದೆ. ಎಲ್ಲರೂ ಸೇರಿ ಅವಳನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದರು. ಲಿಫ್ಟಿನ ಹೊಂಡದಲ್ಲಿ ನಾನೊಬ್ಬನೇ ಉಳಿದೆ. ಇಕ್ಕಳ ಜೇಬಿನಲ್ಲೇ ಇತ್ತು. ನಾಲ್ಕು ಬಿಲ್ಲೆ, ನಾಲ್ಕು ತುಂಡು ತಂತಿ. ನನ್ನವು ಅವನ ತುದಿಗಳಿಗೆ, ಅವನವು ನನ್ನ ತುದಿಗಳಿಗೆ. ಐದು ನಿಮಿಷ ಹಿಡಿಯಲಿಲ್ಲ.

ನಿನಗಾಗಿ ಮಾಡಿದೆ ಮಗಳೇ. ನೀನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಪರಿವೀಕ್ಷಕಿಯ ಅಪ್ಪನೇ ಇಂಥ ಕೆಲಸ ಮಾಡಿದ ಎಂದರೆ ನಿನ್ನ ಗತಿ ಏನಾಗುತ್ತಿತ್ತು? ಕುಳ್ಳನಿಗೆ ಮಕ್ಕಳಿಲ್ಲ, ಮರಿಯಿಲ್ಲ.

ಈಗ ಗೊತ್ತಾಯಿತಲ್ಲ. ಇಲ್ಲಿಗೆ ಬಿಡು.

ನಿನ್ನ ಅಪ್ಪ


ಏಪ್ರಿಲ್ 10

ಅಪ್ಪನಿಗೆ,

ನನಗಾಗಿ ಎನ್ನಬೇಡಿ. ನನ್ನ ಹೆಸರನ್ನು ಅದರೊಳಗೆ ಎಳೆಯಬೇಡಿ.

ಅಪಘಾತವಾದ ತಿಂಗಳೇ ನಿಮ್ಮ ಕಂಪನಿಯಲ್ಲಿ ಒಬ್ಬರನ್ನು ಫೋರ್‌ಮನ್ ಮಾಡುವುದಿತ್ತು. ಪಟ್ಟಿಯಲ್ಲಿ ಇದ್ದದ್ದು ಎರಡೇ ಹೆಸರು. ಒಂದು ನಿಮ್ಮದು, ಇನ್ನೊಂದು ಅವರದು. ವಿಚಾರಣೆ ಮುಗಿದ ವಾರ ನೀವು ಹೊಸ ಅಂಗಿ ತೊಟ್ಟು ಬಂದಿರಿ. ಅಮ್ಮ ಅಕ್ಕಪಕ್ಕದವರನ್ನೆಲ್ಲ ಊಟಕ್ಕೆ ಕರೆದಳು. ನಾನೇ ಬಡಿಸಿದೆ.

ಒಬ್ಬಳು ಸತ್ತು ಮಲಗಿದ್ದಾಗ ನಿಮ್ಮ ಕೈಗೆ ಇಕ್ಕಳ ನೆನಪಾಯಿತು. ಲೋಹ ಎರಡು ಸಲ ಸುರಿದದ್ದನ್ನು ಯಾವತ್ತಾದರೂ ಮನ್ನಿಸಿಯೇನು. ಸಂಜೆಯ ಅವಸರ, ಮೈಗಳ್ಳತನ, ಯಾರಿಗೂ ಆಗಬಹುದು. ಆ ಐದು ನಿಮಿಷವನ್ನು ಏನು ಮಾಡಲಿ?

ಇಲಾಖೆಗೆ ನೀವೇ ಬರೆಯಿರಿ. ಈ ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಬರೆಯದಿದ್ದರೆ ಎರಡೂ ಸಾಕೆಟ್ಟು, ಜೊತೆಗೆ ನಿಮ್ಮ ಕಾಗದ, ನಾನೇ ಒಪ್ಪಿಸುತ್ತೇನೆ. ಹರಿದುಹಾಕಿಲ್ಲ.

ಇತಿ,
ಮಗಳು


ಮೇ 1

ಹುಟ್ಟಿ ಮಾತು ಕಲಿತಾಗಿನಿಂದ ನನ್ನನ್ನು ‘ನೀನು’ ಎಂದವಳು ಈಗ ‘ನೀವು’ ಎಂದು ಬರೆದಿದ್ದೀಯ. ನಾಲ್ಕು ಸಲ ಓದಿದೆ. ಉಳಿದ ಬೈಗುಳವೆಲ್ಲ ತಡೆದುಕೊಂಡೆ, ಅದೊಂದು ತಡೆಯಲಾಗಲಿಲ್ಲ.

ನಾನು ಬರೆಯುವುದಿಲ್ಲ. ಅರವತ್ತೈದು ವರ್ಷದ ಮೇಲೆ ನನ್ನ ಮುಖಕ್ಕೆ ನಾನೇ ಮಸಿ ಬಳಿದುಕೊಳ್ಳುವುದಿಲ್ಲ. ನಿನ್ನ ಅಣ್ಣ ಈ ಬೀದಿಯಲ್ಲಿ ತಲೆಯೆತ್ತಿ ಓಡಾಡಬೇಕು. ಮೊಮ್ಮಗಳು ಶಾಲೆಗೆ ಹೋಗಬೇಕು.

ಹೆತ್ತ ಅಪ್ಪನನ್ನು ಗರಗಸದಲ್ಲಿ ಕೊಯ್ಯುವ ಧೈರ್ಯ ಇದ್ದರೆ ಕೊಯ್ಯಿ. ಕೆಲಸ ಕಲಿಸಿದ್ದು ನಾನೇ ಅಲ್ಲವೇ.

ಅಪ್ಪ


ಜುಲೈ 18

ಅಪ್ಪನಿಗೆ,

ಮೇ ಮೂರನೇ ತಾರೀಖು ಒಪ್ಪಿಸಿದೆ. ನಿಮ್ಮನ್ನು ಕರೆಸಿ ಕೇಳಿದ್ದು, ನೀವು ಕಾಗದ ನಿಮ್ಮದೇ ಎಂದು ಒಪ್ಪಿ ಸಹಿ ಹಾಕಿದ್ದು, ಎಲ್ಲ ಅಣ್ಣನಿಂದ ತಿಳಿಯಿತು. ಅಂದಿನಿಂದ ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅತ್ತಿಗೆ ಮಾತ್ರ ಒಮ್ಮೆ ಫೋನ್ ಮಾಡಿ, “ನೀವು ಮಾಡಿದ್ದು ಸರೀನೇ, ಆದ್ರೆ ಮನೆಗೆ ಸದ್ಯಕ್ಕೆ ಬರಬೇಡಿ” ಎಂದರು.

ಆದೇಶ ಬಂತು. ಒಂದೇ ಹಾಳೆ. ಕಾಲ ಮೀರಿರುವುದರಿಂದ, ನೀವು ನಿವೃತ್ತರಾಗಿರುವುದರಿಂದ, ನಿಮ್ಮ ಮೇಲೆ ಕ್ರಮವಿಲ್ಲ. ನಾಲ್ಕನೇ ನಂಬರಿನವರ ಮೇಲಿನ ದೋಷ ತೆಗೆದುಹಾಕಲಾಗಿದೆ. ವಯಸ್ಸು ಮೀರಿರುವುದರಿಂದ ಲೈಸೆನ್ಸ್ ಮರಳಿ ಕೊಡಲು ಬರುವುದಿಲ್ಲ. ಕೆಳಗೆ ಮೊಹರು. ನಿಮ್ಮ ಮಗಳಾದ್ದರಿಂದ ನನ್ನನ್ನು ತಪಾಸಣೆಯಿಂದ ತೆಗೆದು ಬರೀ ಪಾಠಕ್ಕೆ ಹಾಕಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ.

ಚಿಕ್ಕಪ್ಪನಿಗೆ ಹಾಳೆ ಕೊಟ್ಟೆ. ಗೋದಾಮಿನ ಬಿಸಿಲಲ್ಲಿ ನಿಂತು ಎರಡು ಸಲ ಓದಿದರು. “ಇದನ್ನ ಒಬ್ಬರಿಗೆ ತೋರಿಸ್ಬೇಕು, ಜೊತೆಗೆ ಬರ್ತೀಯಾ?” ಎಂದರು.

ಹೋದದ್ದು ಸತ್ತ ಹೆಂಗಸಿನ ತಂಗಿಯ ಮನೆಗೆ. ಅವಳೂ ಅದೇ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವವಳು. ಬೆರಳ ತುದಿಯಲ್ಲೆಲ್ಲ ಅಂಟು ಒಣಗಿ ಸಿಪ್ಪೆ ಎದ್ದಿತ್ತು. ಚಿಕ್ಕಪ್ಪನನ್ನು ಕಂಡದ್ದೇ ಬಾಗಿಲು ಮುಚ್ಚಲು ಹೋದಳು. ನಾನು ಹಾಳೆ ಮುಂದೆ ಹಿಡಿದೆ. ಅಲ್ಲೇ ನಿಂತು ಓದಿದಳು.

“ಹಾಗಾದ್ರೆ ಯಾರು?” ಎಂದಳು.

“ನಮ್ಮಪ್ಪ” ಎಂದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಅವರನ್ನೇ ನೋಡುತ್ತಾ, “ಒಂಬತ್ತು ವರ್ಷ ದಿನಾ ಎದ್ದು ನಿಮಗೆ ಶಾಪ ಹಾಕಿದೀನಿ. ನಿಮ್ಮ ಮನೆ ಹಾಳಾಗ್ಲಿ ಅಂತ ಬಾಯಿಬಿಟ್ಟು ಅಂದಿದೀನಿ. ಈಗ ಅದನ್ನ ಎಲ್ಲಿಂದ ವಾಪಸ್ ತಗೊಳ್ಲಿ ನಾನು?” ಎಂದು ಅತ್ತಳು.

“ನೀವೇನ್ ಮಾಡ್ತೀರಮ್ಮ, ನಿಮಗೆ ಹೇಳಿದ್ದೇ ಹಾಗೆ” ಎಂದರು ಚಿಕ್ಕಪ್ಪ. ಮನೆ ಹಾಳಾಗಿಯೇ ಇದೆ ಎಂದು ಅವಳಿಗೆ ಹೇಳಲಿಲ್ಲ.

ಮಗಳು


ಆಗಸ್ಟ್ 30

ಮಗಳೇ,

ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಿನ್ನನ್ನು ಬಿಟ್ಟು ಕೇಳಲು ಬೇರೆ ಯಾರೂ ಇಲ್ಲ.

ಸಂಜೆ ಉದ್ಯಾನದ ಕಲ್ಲುಬೆಂಚಿಗೆ ಹಳೇ ಕೆಲಸಗಾರರು ಸೇರುತ್ತಿದ್ದೆವಲ್ಲ, ಈಗ ನಾನು ಹೋದರೆ ಒಬ್ಬೊಬ್ಬರಿಗೂ ಏನೋ ಕೆಲಸ ನೆನಪಾಗುತ್ತದೆ. ಹೋಗುವುದು ಬಿಟ್ಟೆ. ನಿನ್ನ ಅಣ್ಣ ಊಟಕ್ಕೆ ಕರೆಯುತ್ತಾನೆ, ಎದುರು ಕೂರುವುದಿಲ್ಲ. ಬೇಕಾದ್ದು ಸಿಕ್ಕಿತಲ್ಲ ನಿನಗೆ.

ಕಳೆದ ಸೋಮವಾರ ಕುಳ್ಳನ ಹತ್ತಿರ ಹೋಗಿದ್ದೆ. ಯಾರೂ ಕಳಿಸಲಿಲ್ಲ, ನಾನೇ ಹೋದೆ. ಎರಡು ಬಸ್ಸು ಬದಲಾಯಿಸಿ ಗೋದಾಮಿನ ಗೇಟು ಮುಟ್ಟುವಷ್ಟರಲ್ಲಿ ಮಂಡಿ ಕೈಕೊಟ್ಟಿತ್ತು. ಅವನು ಎದ್ದು ತನ್ನ ಸ್ಟೂಲು ಕೊಟ್ಟ. ಕೂತೆ. ಅವನು ನಿಂತೇ ಇದ್ದ. ಕೂದಲೆಲ್ಲ ಹೋಗಿದೆ ಅವನಿಗೆ.

“ತಪ್ಪಾಯ್ತು ಕಣೋ” ಎಂದೆ. ಬಸ್ಸಿನುದ್ದಕ್ಕೂ ಎಷ್ಟೋ ಮಾತು ಜೋಡಿಸಿಕೊಂಡು ಹೋಗಿದ್ದೆ, ಅಲ್ಲಿ ಬಾಯಿಗೆ ಬಂದದ್ದು ಅಷ್ಟೇ.

ಅವನು ಮಾತಾಡಿದ. ಬಹಳ ಹೊತ್ತು ಮಾತಾಡಿದ. ಅಷ್ಟರಲ್ಲಿ ಸಾಲಾಗಿ ಮೂರು ಲಾರಿ ಬಂದು ನಿಂತು ಗುರುಗುಟ್ಟತೊಡಗಿದವು. ಮೆಷಿನ್ ರೂಮುಗಳಲ್ಲಿ ಕಳೆದ ಕಿವಿ, ಎಡಗಡೆಯದು ಪೂರ್ತಿ ಹೋಗಿದೆ, ಬಲಗಡೆಯದು ಇದ್ದೂ ಇಲ್ಲ. ಅವನ ತುಟಿ ಆಡುವುದು ಕಾಣುತ್ತಿತ್ತು. ಕೋಪ ಮಾಡಿಕೊಂಡಿದ್ದನೋ, ಅಳುತ್ತಿದ್ದನೋ, ಮನ್ನಿಸಿದೆ ಎಂದನೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ನಾನು ಹೂಂ, ಹೂಂ ಎಂದು ತಲೆಯಾಡಿಸಿದೆ. ಮುಗಿದ ಮೇಲೆ, “ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಗಟ್ಟಿಯಾಗಿ ಹೇಳೋ” ಎಂದೆ. ಅವನು ನನ್ನ ಮುಖ ನೋಡಿದ. ಹೋಗಿ ಸರಪಳಿ ಇಳಿಸಿದ, ಲಾರಿಗಳನ್ನು ಒಳಗೆ ಬಿಟ್ಟ. ತಿರುಗಿ ಬಂದವನು ಬಸ್ ನಿಲ್ದಾಣದವರೆಗೆ ಕೈಹಿಡಿದು ಕರೆದುಕೊಂಡು ಹೋಗಿ ಹತ್ತಿಸಿದ. ಹೇಳಿದ್ದನ್ನು ಮತ್ತೆ ಹೇಳಲಿಲ್ಲ.

ಏನು ಹೇಳಿದನಂತೆ? ಕೇಳಿ ಬರೆ.

ಅಪ್ಪ


ಸೆಪ್ಟೆಂಬರ್ 26

ಅಪ್ಪನಿಗೆ,

ಉತ್ತರ ತಡವಾಯಿತು. ಕಾರಣವಿದೆ.

ಲೈಸೆನ್ಸ್ ಕೊಡದಿದ್ದರೆ ಬೇಡ, ನನ್ನ ತರಗತಿಗೆ ಬಂದು ಒಂದು ಸಾಕೆಟ್ ಸುರಿದು ತೋರಿಸಿ ಎಂದು ಚಿಕ್ಕಪ್ಪನನ್ನು ಕರೆದಿದ್ದೆ. ಮೇಲಧಿಕಾರಿಗಳನ್ನು ಒಪ್ಪಿಸುವುದಕ್ಕೇ ಎರಡು ವಾರ ಹಿಡಿಯಿತು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಇಪ್ಪತ್ತು ಮಂದಿ ಸುತ್ತ ನಿಂತಿದ್ದೆವು. ಎಳೆ ಬಿಚ್ಚಿದರು, ತೊಳೆದರು, ಮಡಚಿದರು. ನಿಧಾನವಾಗಿ, ಆದರೆ ಅಚ್ಚುಕಟ್ಟಾಗಿ. ಸಾಕೆಟ್ಟಿನ ಬಿಸಿಯನ್ನು ಕೈ ಹಿಡಿದು ನೋಡಿದರು. ಲೋಹ ಕರಗಿತು. ಸೌಟು ಎತ್ತಿದರು.

ಒಂದಿಷ್ಟು ಲೋಹ ಬೆಂಚಿನ ಮೇಲೆ ಚೆಲ್ಲಿತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಮತ್ತೆ ಎತ್ತಿದರು. ಮತ್ತೆ ಚೆಲ್ಲಿತು. ಸೌಟನ್ನು ಕೆಳಗಿಟ್ಟು, “ಆಗಲ್ಲ ತಾಯಿ, ನೀನೇ ಸುರಿ” ಎಂದರು. ನಾನು ಸುರಿದೆ. ಅವರು ಪಕ್ಕದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಾ ಹೋದರು: ನಿಲ್ಲಿಸಬೇಡ, ನಿಲ್ಲಿಸಬೇಡ, ಬರಲಿ, ಈಗ ಸಾಕು.

ಊಟದ ಹೊತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಾಗ ಕೇಳಿದೆ: ಆ ದಿನ ಗೇಟಿನ ಹತ್ತಿರ ಅಪ್ಪನಿಗೆ ಏನು ಹೇಳಿದಿರಿ?

ಹೇಳಿದರು. ಒಂದಕ್ಷರ ಬಿಡದೆ ಹೇಳಿದರು. ಒಂಬತ್ತು ವರ್ಷ ಬಾಯಿಪಾಠ ಮಾಡಿದ ಮಾತು, ಮರೆಯುವುದು ಹೇಗೆ? ಕೇಳಿ ಮುಗಿದ ಮೇಲೆ ನನಗೆ ಮಧ್ಯಾಹ್ನದ ಪಾಠ ಮಾಡಲಾಗಲಿಲ್ಲ.

“ಅಪ್ಪನಿಗೆ ಬರೀಲಾ?” ಎಂದೆ.

“ಬೇಡ. ಅವನಿಗೆ ಒಂದ್ಸಲ ಹೇಳಿದೀನಿ” ಎಂದರು.

ಅದಕ್ಕೇ ಬರೆಯುವುದಿಲ್ಲ. ಒಳ್ಳೆಯದೋ ಕೆಟ್ಟದ್ದೋ ಎಂದೂ ಹೇಳುವುದಿಲ್ಲ. ಇನ್ನು ಮುಂದೆ ಈ ವಿಷಯ ಕೇಳಬೇಡಿ.

ಮಂಡಿಗೆ ಬಿಸಿ ಶಾಖ ಕೊಡಿಸಿಕೊಳ್ಳಿ.

ನಿಮ್ಮ ಮಗಳು